ಕೆಂಚನ ಹೊಟ್ಟೆ

ನಂಜನಗೂಡು
2-8-2025, ಶನಿವಾರ

ಮಧುಶ್ರೀಗೆ, ನಿನ್ನ ಅತ್ತಿಗೆ ಮಂಗಳಮ್ಮ ಮಾಡುವ ಆಶೀರ್ವಾದ.

ಕೈಯಲ್ಲಿ ಫೋನ್ ಇಟ್ಟುಕೊಂಡು ಅತ್ತಿಗೆ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಹೋದ ವಾರ ಫೋನಿನಲ್ಲಿ ‘ನಾಯಿಮರಿ ಹಿಂದೆ ಓಡಾಡಿ ಸಾಕಾಗಿದೆ’ ಎಂದು ನಿನಗೆ ಅಂದಿದ್ದೆ. ಮೊನ್ನೆ ಹುಲ್ಲಹಳ್ಳಿ ಚಿಕ್ಕಮ್ಮನ ಮನೆಯ ಗೃಹಪ್ರವೇಶದಲ್ಲಿ ಅದೇ ಮಾತು ನನ್ನ ಕಿವಿಗೆ ಬಂದಾಗ ‘ಮಾವನ ಹಿಂದೆ ಓಡಾಡಿ ಸಾಕಾಗಿದೆ’ ಎಂದಾಗಿತ್ತು. ಯಾರ ಬಾಯಲ್ಲಿ ಹಾಗಾಯಿತು ಎಂದು ನಾನು ಕೇಳುವುದಿಲ್ಲ. ಇನ್ನು ಮೇಲೆ ನಿನಗೆ ಹೇಳುವುದನ್ನು ಬರೆದೇ ಹೇಳುತ್ತೇನೆ, ನೀನೂ ಬರೆದೇ ಉತ್ತರ ಕೊಡು. ನಿಮ್ಮೂರ ಬಸ್ಸಿನ ಕಂಡಕ್ಟರ್ ದೇವರಾಜು ಕಾಗದ ತಲುಪಿಸುತ್ತೇನೆ ಎಂದು ಒಪ್ಪಿದ್ದಾನೆ.

ವಿಷಯ ನೀನು ಕೊಟ್ಟ ಮರಿಯದು. ಜುಲೈ ಇಪ್ಪತ್ತರಂದು ನಿನ್ನ ಮನೆಯಿಂದ ಮಾವ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಕೆಂಚ ಎಂದು ಹೆಸರಿಟ್ಟರು. ನಾಲ್ಕನೇ ದಿನಕ್ಕೆ ಶುರುವಾದ ಭೇದಿ ಇವತ್ತಿಗೂ ನಿಂತಿಲ್ಲ. ಹೊಟ್ಟೆ ನೋಡಿದರೆ ಉಬ್ಬಿರುತ್ತದೆ, ಬೆನ್ನು ನೋಡಿದರೆ ಮೂಳೆ. ಮಾವನ ಹಿಂದಿನ ಕೋಣೆಯಿಂದ ಹಿತ್ತಲವರೆಗೆ ದಿನಕ್ಕೆ ಆರು ಸಲ ಫಿನಾಯಿಲ್ ಹಾಕಿ ಒರೆಸುತ್ತಿದ್ದೇನೆ. ನಿಮ್ಮಣ್ಣ ತಾಂಡ್ಯದ ಫ್ಯಾಕ್ಟರಿಗೆ ಹೋದರೆ ಬರುವುದು ಸಂಜೆ, ಅವರ ಮೂಗಿಗೆ ಇದೇನೂ ಬಡಿಯುವುದಿಲ್ಲ.

ಮೂರು ಮಾತು ನೇರವಾಗಿ ಕೇಳುತ್ತೇನೆ. ಮರಿಗೆ ನಿಜವಾಗಿ ಎಷ್ಟು ದಿನ? ಜಂತುಹುಳದ ಔಷಧಿ ಹಾಕಿಸಿದ್ದೀಯ? ನಿನ್ನ ಮನೆಯಲ್ಲಿ ಅದಕ್ಕೆ ಏನು ಹಾಕುತ್ತಿದ್ದೆ? ಚೆನ್ನಾಗಿದ್ದ ಮರಿಯನ್ನು ಯಾರೂ ಅಷ್ಟು ಅವಸರದಲ್ಲಿ ಸಾಗಹಾಕುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಅನ್ನಿಸಿದ್ದನ್ನು ಮುಚ್ಚಿಡುವುದು ನನ್ನ ಜಾಯಮಾನವಲ್ಲ.

ಮಂಗಳಮ್ಮ

•

ತಿ. ನರಸೀಪುರ
5-8-2025

ಅತ್ತಿಗೆಯವರಿಗೆ ಮಧುಶ್ರೀಯ ನಮಸ್ಕಾರ.

ನಿಮ್ಮ ಕಾಗದ ಓದಿ ನಮ್ಮ ಯಜಮಾನರು ಅಮೃತೇಶ್ ‘ಇದಕ್ಕೆ ವಕೀಲರ ಕೈಲಿ ಉತ್ತರ ಬರೆಸಬೇಕೇನೋ’ ಎಂದರು. ನಾನೇ ಬರೆಯುತ್ತಿದ್ದೇನೆ. ಚಿಕ್ಕಮ್ಮನ ಮನೆಯ ಮಾತು ನನ್ನಿಂದ ಹೋದದ್ದಲ್ಲ. ಆದರೆ ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ ಎಂದು ದೊಡ್ಡವರು ಹೇಳುತ್ತಾರೆ.

ಮರಿಗೆ ಕೊಟ್ಟಾಗ ಎರಡು ತಿಂಗಳು. ಔಷಧಿ ಹಾಕಿಸಿದ್ದೇನೆ. ನಮ್ಮ ಮನೆಯಲ್ಲಿ ಅದು ಒಂದು ದಿನವೂ ಭೇದಿ ಮಾಡಲಿಲ್ಲ. ಅದರ ಜೊತೆಯ ಮೂರು ಮರಿಗಳು ಇನ್ನೂ ಇಲ್ಲೇ ಇವೆ, ಬಂದು ನೋಡಬಹುದು. ನೀವು ಏನು ಹಾಕುತ್ತಿದ್ದೀರಿ ಎಂಬುದನ್ನು ಮಾತ್ರ ಕಾಗದದಲ್ಲಿ ಎಲ್ಲೂ ಬರೆದಿಲ್ಲ. ಹಸುವಿನ ಹಾಲು ಹಾಕುತ್ತಿದ್ದರೆ ಮೊದಲು ನಿಲ್ಲಿಸಿ, ಬಹಳ ಮರಿಗಳಿಗೆ ಅದು ಅರಗುವುದಿಲ್ಲ.

ಇನ್ನೊಂದು ವಿಷಯ. ಅಪ್ಪಾಜಿ ಇಲ್ಲಿಗೆ ಬಂದಾಗ ಅವರ ಷರ್ಟಿನ ಕಾಲರು ಕತ್ತಿನಿಂದ ಎರಡು ಬೆರಳು ದೂರ ನಿಂತಿತ್ತು. ಅಮ್ಮ ಹೋದ ಮೇಲೆ ಅವರು ಒಬ್ಬರೇ ಕೋಣೆಯಲ್ಲಿ ಕೂತು ಉಣ್ಣುತ್ತಾರಂತೆ. ಯಾರಾದರೂ ಪಕ್ಕದಲ್ಲಿ ನಿಂತು ‘ಇನ್ನೊಂದು ಚೂರು’ ಎಂದು ಬಡಿಸುತ್ತಾರೋ ಇಲ್ಲವೋ ನನಗೆ ತಿಳಿಯದು. ಒಂದು ಮರಿಯ ಹೊಟ್ಟೆಯನ್ನೇ ನೋಡಿಕೊಳ್ಳಲಾಗದ ಮನೆಯಲ್ಲಿ ಎಪ್ಪತ್ತಾರು ವರ್ಷದವರ ಹೊಟ್ಟೆ ಹೇಗಿದೆಯೋ ಎಂದು ಮಗಳಿಗೆ ಯೋಚನೆಯಾಗುವುದು ತಪ್ಪಲ್ಲ.

ಮಧುಶ್ರೀ

•

ನಂಜನಗೂಡು
9-8-2025

ಸೌ. ಮಧುಶ್ರೀ ಅಮೃತೇಶ್ ಅವರಿಗೆ,

ನಾಯಿಯ ನೆಪದಲ್ಲಿ ನೀನು ಹುಡುಕುತ್ತಿರುವುದು ಏನು ಎಂದು ಈಗ ಗೊತ್ತಾಯಿತು. ಹಾಗಾಗಿ ಎಲ್ಲವನ್ನೂ ವಿವರವಾಗಿ ಬರೆಯುತ್ತೇನೆ, ಬೇಕಾದರೆ ಇಟ್ಟುಕೋ.

ಗುರುವಾರ ಕೆಂಚನನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ದಿವ್ಯ ಎಂಬ ಡಾಕ್ಟರು ಅವನ ಬಾಯಿ ಬಿಡಿಸಿ ಹಲ್ಲು ನೋಡಿ, ಈಗ ಏಳು ವಾರ ಆಗಿದ್ದರೆ ಹೆಚ್ಚು ಎಂದರು. ಅಂದರೆ ನೀನು ಕೊಟ್ಟಾಗ ಸರಿಯಾಗಿ ಒಂದು ತಿಂಗಳ ಕೂಸು. ತಾಯಿಯ ಮೊಲೆ ಬಿಡಿಸುವ ಕಾಲವೂ ಆಗಿರಲಿಲ್ಲ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ, ನಾನು ಎಣಿಸಲಿಲ್ಲ, ಡಾಕ್ಟರು ಎಣಿಸಿದರು. ಒಂದು ವಿಷಯದಲ್ಲಿ ಸುಳ್ಳು ಹೇಳಿದವಳು ಔಷಧಿಯ ವಿಷಯದಲ್ಲಿ ನಿಜ ಹೇಳಿದ್ದಾಳೆ ಎಂದು ನಾನು ಹೇಗೆ ನಂಬಲಿ?

ಹಾಲು ಹಾಕುತ್ತಿದ್ದೆ, ಒಪ್ಪುತ್ತೇನೆ. ಗುರುವಾರವೇ ನಿಲ್ಲಿಸಿದೆ. ಡಾಕ್ಟರು ಹೇಳಿದ ಪ್ರಕಾರ ಮೆತ್ತಗೆ ಬೇಯಿಸಿ ಹಿಸುಕಿದ ಅನ್ನ, ಬೇಯಿಸಿದ ಸಿಹಿಗುಂಬಳ, ಉಪ್ಪಿಲ್ಲದ ಒಂದು ಚಮಚ ಮೊಸರು. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಒಂದು ಹಿಡಿ. ಮಧ್ಯೆ ಮಧ್ಯೆ ಓಆರ್‌ಎಸ್ ನೀರು. ಒಗ್ಗರಣೆ, ಖಾರ, ಈರುಳ್ಳಿ ಮೂಸಿಸಲೂ ಕೂಡದಂತೆ. ಬೇಯಿಸಿದ ಮೊಟ್ಟೆ ಕೊಡಿ ಎಂದೂ ಅಂದರು. ಲಿಂಗ ಕಟ್ಟಿದವರ ಮನೆಯಲ್ಲಿ ಅದಾಗುವುದಿಲ್ಲ ಎಂದಾಗ ಮರಿಗಳ ಪ್ಯಾಕೆಟ್ ಆಹಾರ ಬರೆದುಕೊಟ್ಟರು. ಅದರಲ್ಲಿ ಏನಿದೆ ಎಂದು ನಾನು ಓದಲು ಹೋಗಿಲ್ಲ. ಪಾತ್ರೆ ತೊಳೆಯುವ ಚಿನ್ನಮ್ಮ ಅದನ್ನು ಒಗೆಯುವ ಕಲ್ಲಿನ ಹತ್ತಿರವೇ ಬಿಸಿನೀರಲ್ಲಿ ನೆನೆಸಿ ಹಾಕುತ್ತಾಳೆ.

ಇನ್ನು ನಿಮ್ಮಪ್ಪನವರ ವಿಷಯ. ಮಧ್ಯಾಹ್ನ ಪೂಜೆ ಮುಗಿಸಿದ ಮೇಲೆ ಒಂದು ಮುದ್ದೆ, ಸಾರು, ಪಲ್ಯ, ಅನ್ನ ಅವರ ಕೋಣೆಗೆ ಹೋಗುತ್ತದೆ. ಪ್ರಸಾದ ಕೆಡಿಸಬಾರದು ಎಂಬ ಅವರ ನೇಮ ನಿನಗೆ ಗೊತ್ತಿದೆ. ತಟ್ಟೆಗೆ ನೀರು ಹಾಕಿ ಬೆರಳಲ್ಲಿ ತೊಳೆದು ಕುಡಿದೇ ಹೊರಗೆ ಕೊಡುತ್ತಾರೆ. ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಆ ತಟ್ಟೆಯಲ್ಲಿ ಒಂದಗುಳು ಉಳಿದದ್ದನ್ನು ನಾನು ಕಂಡಿಲ್ಲ. ಮೈ ಇಳಿದಿದ್ದರೆ ಅದು ವಯಸ್ಸು, ಜೊತೆಗೆ ಈಗ ಶ್ರಾವಣ ಸೋಮವಾರದ ಉಪವಾಸ. ಆದರೂ ನಿನ್ನ ಕಾಗದ ಓದಿದ ದಿನದಿಂದ ಅರ್ಧ ಮುದ್ದೆ ಹೆಚ್ಚಿಗೆ ಇಟ್ಟು, ಮೇಲೆ ತುಪ್ಪವನ್ನೂ ಸುರಿಯುತ್ತಿದ್ದೇನೆ. ಅದೂ ಖಾಲಿಯಾಗುತ್ತಿದೆ. ಇದಕ್ಕೆ ಏನನ್ನುತ್ತೀಯ?

ಮಂಗಳಮ್ಮ

ಮರೆತಿದ್ದೆ. ಇಷ್ಟು ಪಥ್ಯ ಮಾಡಿದರೂ ಇವತ್ತು ಬೆಳಿಗ್ಗೆ ಕೆಂಚ ಮೊದಲಿಗಿಂತ ನೀರಾಗಿ ಮಾಡಿದ. ಅದರಲ್ಲಿ ಸಾಸಿವೆ ಇತ್ತು, ಕರಿಬೇವಿನ ಚೂರಿತ್ತು. ಯಾರೋ ಕದ್ದು ಹಾಕುತ್ತಿದ್ದಾರೆ. ಚಿನ್ನಮ್ಮನ ತಮ್ಮ ನಿಮ್ಮೂರಿನಲ್ಲೇ ಇದ್ದಾನೆ ಎಂದು ನಿನ್ನೆ ಗೊತ್ತಾಯಿತು.

•

ತಿ. ನರಸೀಪುರ
12-8-2025

ಮಂಗಳಮ್ಮನವರಿಗೆ,

ಚಿನ್ನಮ್ಮನ ತಮ್ಮ ಯಾರು ಎಂದು ನನಗೆ ಗೊತ್ತಿಲ್ಲ. ನಾನು ಇಲ್ಲಿ ಕೂತು ನಿಮ್ಮ ಮನೆಯ ನಾಯಿಗೆ ಕರಿಬೇವು ತಿನ್ನಿಸುತ್ತೇನೆ ಎಂದು ಬರೆಯಲು ನಿಮಗೆ ಹೇಗೆ ಮನಸ್ಸು ಬಂತು?

ವಯಸ್ಸಿನ ವಿಷಯದಲ್ಲಿ ತಪ್ಪು ನನ್ನದು. ಆಗ ಮರಿಗೆ ಮೂವತ್ತೆರಡು ದಿನ. ಹುಳದ ಔಷಧಿ ಒಂದೇ ಸಲ ಆಗಿತ್ತು, ಎರಡನೆಯದು ಬಾಕಿ ಇತ್ತು. ಆದರೆ ನಾನು ಸಾಗಹಾಕಲಿಲ್ಲ. ಇನ್ನೊಂದು ತಿಂಗಳು ಬಿಟ್ಟು ಕೊಡುತ್ತೇನೆ ಎಂದು ಎಷ್ಟು ಹೇಳಿದರೂ ಅಪ್ಪಾಜಿ ಬಿಡಲಿಲ್ಲ. ‘ಈಗಲೇ ಬೇಕು’ ಎಂದು ಮಕ್ಕಳ ಹಾಗೆ ಹಟ ಮಾಡಿದರು. ಮಾತಾಡಿಸುವವರಿಲ್ಲದೆ ಅವರಿಗೆ ನಾಯಿಯಾದರೂ ಬೇಕಾಗಿದೆ ಎಂದು ಹೊಟ್ಟೆ ಉರಿದು ಕೊಟ್ಟೆ. ಒಂದು ತಿಂಗಳದ್ದು ಎಂದರೆ ನೀವು ಬಾಗಿಲಿಂದಲೇ ವಾಪಸ್ ಕಳಿಸುತ್ತೀರಿ ಎಂದು ಸುಳ್ಳು ಹೇಳಿದೆ.

ಈಗ ನನ್ನ ಪ್ರಶ್ನೆಗೆ ಉತ್ತರ ಕೊಡಿ. ಸಾಸಿವೆ, ಕರಿಬೇವು ನಿಮ್ಮ ಅಡುಗೆಮನೆಯ ಒಗ್ಗರಣೆಯದ್ದೇ ಅಲ್ಲವೇ? ಕಾಗದದಲ್ಲಿ ಸಿಹಿಗುಂಬಳ, ಬಟ್ಟಲಲ್ಲಿ ನಿನ್ನೆಯ ಸಾರು. ನಾಯಿಯ ಹೊಟ್ಟೆ ಸುಳ್ಳು ಹೇಳುವುದಿಲ್ಲ. ತಟ್ಟೆಯ ಕಥೆಯನ್ನೂ ಹಾಗೆಯೇ ಓದಿಕೊಂಡೆ. ಖಾಲಿ ತಟ್ಟೆ ತೋರಿಸುವುದು ಕಷ್ಟವಲ್ಲ, ಅದರಲ್ಲಿ ಬಡಿಸಿದ್ದು ಎಷ್ಟು ಎಂದು ನೋಡಿದವರು ನೀವೊಬ್ಬರೇ.

ಶ್ರಾವಣ ಮುಗಿದ ಮರುದಿನ, ಇಪ್ಪತ್ನಾಲ್ಕನೇ ತಾರೀಕು ಭಾನುವಾರ, ನಾವು ಕಾರು ಮಾಡಿಕೊಂಡು ಬರುತ್ತೇವೆ. ಅಪ್ಪಾಜಿ ಇನ್ನು ನಮ್ಮ ಮನೆಯಲ್ಲಿರುತ್ತಾರೆ. ಅಣ್ಣನಿಗೆ ಅಮೃತೇಶ್ ಹೇಳುತ್ತಾರೆ. ನಿಮಗೆ ನಾನು ಹೇಳುತ್ತಿದ್ದೇನೆ, ನೀವು ಬಯಸಿದಂತೆ ಬರವಣಿಗೆಯಲ್ಲಿ.

ಮಧುಶ್ರೀ

•

ನಂಜನಗೂಡು
16-8-2025

ಮಧುಶ್ರೀ,

ಕರೆದುಕೊಂಡು ಹೋಗುವುದಾದರೆ ಹೋಗು. ಆದರೆ ಮಾವನನ್ನು ಉಪವಾಸ ಕೆಡವಿದ ಸೊಸೆ ಎಂಬ ಹೆಸರನ್ನು ನನ್ನ ತಲೆಗೆ ಕಟ್ಟಿ ಹೋಗಲು ನಾನು ಬಿಡುವುದಿಲ್ಲ. ಅವರು ಈ ಮನೆಯ ಹೊಸ್ತಿಲು ದಾಟಿದ ಮರುದಿನ ಇಡೀ ಬೀದಿ ಅದನ್ನೇ ಆಡುತ್ತದೆ. ನನ್ನ ಮಗಳು ಹೈಸ್ಕೂಲಿಗೆ ಅದೇ ಬೀದಿಯಲ್ಲಿ ನಡೆದು ಹೋಗಬೇಕು.

ಗುರುವಾರ ಕೆಂಚ ವಾಂತಿ ಮಾಡಿಕೊಂಡ. ಭೇದಿಯಲ್ಲಿ ರಕ್ತದ ಎಳೆ ಕಂಡಿತು. ಎತ್ತಿಕೊಂಡು ಓಡಿದೆ. ಮರಿಗಳ ಜೀವ ತೆಗೆಯುವ ದೊಡ್ಡ ಕಾಯಿಲೆಯ ಪರೀಕ್ಷೆ ಮಾಡಿದರು, ಅದು ಇಲ್ಲವಂತೆ, ಶಿವ ಕಾಪಾಡಿದ. ಡ್ರಿಪ್ ಹಾಕಿದರು. ನನ್ನ ಹೆಬ್ಬೆರಳಿನಷ್ಟು ದಪ್ಪದ ಕಾಲಿಗೆ ಸೂಜಿ ಚುಚ್ಚುವಾಗ ಮರಿ ನನ್ನನ್ನೇ ನೋಡುತ್ತಿತ್ತು. ಡಾಕ್ಟರು ನನ್ನ ಮೇಲೆ ರೇಗಿದರು. ‘ರಾಗಿ ಮುದ್ದೆ, ಮಸಾಲೆ, ತುಪ್ಪ ತಿಂದಿದೆ ಇದು. ಪಥ್ಯ ಅಂದ್ರೆ ನಿಮಗೆ ಅರ್ಥ ಆಗಲ್ವಾ?’ ಎಂದರು. ನಾಲ್ಕು ಜನರ ಮುಂದೆ ನಾನು ತಲೆ ತಗ್ಗಿಸಿ ನಿಂತಿದ್ದೆ.

ಮನೆಗೆ ಬಂದವಳೇ ಚಿನ್ನಮ್ಮನನ್ನು ಕೇಳಿದೆ. ಕೇಳಿದ ರೀತಿ ಸರಿಯಿರಲಿಲ್ಲ, ನಿನ್ನ ಹೆಸರನ್ನೂ ಎತ್ತಿದೆ. ಒಂಬತ್ತು ವರ್ಷದಿಂದ ಬರುತ್ತಿದ್ದವಳು ಸೆರಗಿನಲ್ಲಿ ಕೈ ಒರೆಸಿಕೊಂಡು ‘ನಾನಲ್ಲ ಕಣವ್ವ. ಇತ್ತಲ ಕಡೆಯಿಂದ ಒಂದ್ಸಲ ನೋಡಿ’ ಎಂದಷ್ಟೇ ಹೇಳಿ ಹೊರಟುಹೋದಳು. ಎರಡು ದಿನದಿಂದ ಬಂದಿಲ್ಲ. ಹಿತ್ತಲ ಕಡೆ ಯಾರು ಬರುತ್ತಾರೆ? ಗೋಡೆಯಾಚೆ ತಿಮ್ಮಯ್ಯನವರ ಮನೆ. ಅವರ ಸೊಸೆ ನಿನ್ನ ಜೊತೆ ಓದಿದವಳಲ್ಲವೇ?

ಆಸ್ಪತ್ರೆಯಿಂದ ಬಂದ ಮೇಲೆ ಕೆಂಚನನ್ನು ಮುಂದಿನ ಜಗಲಿಯಲ್ಲಿ ಕಟ್ಟಿಹಾಕಿದ್ದೇನೆ. ಎರಡೇ ದಿನಕ್ಕೆ ಮಲ ಗಟ್ಟಿಯಾಗುತ್ತಿದೆ. ಅವನನ್ನು ಬಿಚ್ಚು ಎಂದು ಮಾವ ಮೂರು ಸಲ ಕೇಳಿದರು. ಊಟದ ಹೊತ್ತಿಗಾದರೂ ಬಿಡು ಎಂದರು. ಬಿಟ್ಟು ನೋಡುತ್ತೇನೆ, ಬಿಟ್ಟು ನಾನೂ ಕಾಯುತ್ತೇನೆ. ಹಾಕುತ್ತಿರುವ ಕೈ ಯಾರದ್ದೇ ಆಗಲಿ, ಅದು ನಿನ್ನ ಮನೆವರೆಗೆ ಬಂದರೂ ನಾನು ಬಿಡುವುದಿಲ್ಲ.

ಮಂಗಳಮ್ಮ

•

ತಿ. ನರಸೀಪುರ
20-8-2025, ಬುಧವಾರ

ಮಂಗಳಮ್ಮನವರಿಗೆ,

ನಾಲ್ಕು ದಿನದಿಂದ ಬಸ್ ಸ್ಟ್ಯಾಂಡಿಗೆ ಹೋಗಿ ದೇವರಾಜುವಿನ ಮುಖ ನೋಡಿ ಬರುತ್ತಿದ್ದೇನೆ. ಏನೂ ಕೊಟ್ಟಿಲ್ಲ ಎನ್ನುತ್ತಾನೆ. ನಿಮ್ಮ ಹಿತ್ತಲಲ್ಲಿ ಯಾರನ್ನು ಹಿಡಿದಿರಿ? ನನ್ನ ಗೆಳತಿಯನ್ನೇ? ಯಾರೂ ಸಿಗಲಿಲ್ಲವೆಂದು ಬರೆಯಲು ನಾಚಿಕೆಯೇ? ಅಥವಾ ಮರಿ ಸತ್ತುಹೋಯಿತೇ? ಸತ್ತಿದ್ದರೆ ಹೇಳಿಬಿಡಿ. ಮಾಡುವುದನ್ನು ಮಾಡಿ ಸುಮ್ಮನೆ ಕೂರುವುದು ಒಳ್ಳೆಯದಲ್ಲ.

ಅಣ್ಣನಿಗೆ ಫೋನ್ ಮಾಡಿದರೆ ‘ಎಲ್ಲ ಚೆನ್ನಾಗಿದೀವಿ’ ಎಂದು ಎರಡೇ ಮಾತಿಗೆ ಇಟ್ಟುಬಿಟ್ಟ. ಅವನ ದನಿ ಸರಿಯಿರಲಿಲ್ಲ. ನೀವಿಬ್ಬರೂ ಸೇರಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದೀರಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರು ಬರುತ್ತದೆ. ಅಪ್ಪಾಜಿಯ ಬಟ್ಟೆ, ಪೂಜೆಯ ಪೆಟ್ಟಿಗೆ ತಯಾರಾಗಿರಲಿ.

ಮಧುಶ್ರೀ

•

ನಂಜನಗೂಡು
21-8-2025, ಗುರುವಾರ

ಮಧು,

ಕೆಂಚ ಬದುಕಿದ್ದಾನೆ, ಚೆನ್ನಾಗಿದ್ದಾನೆ. ಅದನ್ನು ಮೊದಲು ತಿಳಿದುಕೋ.

ಭಾನುವಾರ ಮಧ್ಯಾಹ್ನ ಅವನನ್ನು ಬಿಚ್ಚಿದೆ. ಎಂದಿನಂತೆ ಮಾವನ ತಟ್ಟೆ ಬಡಿಸಿ ಕೊಟ್ಟು, ಬೀದಿ ಬಾಗಿಲಿಂದ ಹೊರಗೆ ಹೋದವಳು ಸುತ್ತಿ ಬಂದು ಹಿತ್ತಲಿನ ಬಚ್ಚಲುಮನೆಯ ಹಿಂದೆ ನಿಂತೆ. ಕೈಯಲ್ಲಿ ಫೋನ್ ಹಿಡಿದಿದ್ದೆ, ಸಾಕ್ಷಿಗೆ ಫೋಟೊ ತೆಗೆಯಬೇಕು ಎಂದು. ಗೋಡೆಯ ಮೇಲಿಂದ ತಿಮ್ಮಯ್ಯನವರ ಸೊಸೆಯ ಕೈ ಬರುತ್ತದೆ ಎಂದುಕೊಂಡಿದ್ದೆ.

ಮಾವ ತಮ್ಮ ಕೋಣೆಯ ಹಿಂದಿನ ಬಾಗಿಲು ತೆಗೆದರು. ಬಾಳೆ ಎಲೆಯ ಚೂರನ್ನು ಮೆಟ್ಟಿಲ ಮೇಲೆ ಹಾಸಿದರು. ತಟ್ಟೆಯಲ್ಲಿದ್ದ ಮುದ್ದೆಯನ್ನು ಸಾರಿನಲ್ಲಿ ಸಣ್ಣ ಸಣ್ಣಗೆ ಮುರಿದು ಎಲೆಗೆ ಹಾಕಿದರು. ಅನ್ನವನ್ನೂ ಹಾಕಿದರು. ಕೆಂಚ ತಿನ್ನುತ್ತಿದ್ದಾಗ ಅವರು ತಟ್ಟೆಗೆ ನೀರು ಹಾಕಿ, ತೊಳೆದು, ಕುಡಿದರು. ಆ ಒಂದು ಗುಟುಕು ನೀರು ಇಳಿಯಲು ಬಾಗಿಲ ಚೌಕಟ್ಟು ಹಿಡಿದುಕೊಂಡು, ಕತ್ತು ಮುಂದೆ ಚಾಚಿ, ಕಣ್ಣು ಮುಚ್ಚಿ ನಿಂತರು. ಅರ್ಧ ನೀರು ವಾಪಸ್ ಬಂತು. ಅದನ್ನು ಟವೆಲಿನಲ್ಲಿ ಒರೆಸಿಕೊಂಡರು.

ನಾನು ಎದುರು ಹೋಗಿ ನಿಂತೆ. ಬೈಯಬೇಕು ಎಂದು ಹೋದವಳು, ಎಷ್ಟು ದಿನದಿಂದ ಎಂದು ಕೇಳಿದೆ.

‘ಆಷಾಢಕ್ಕೂ ಮುಂಚಿಂದ ಕಣವ್ವ. ಮೊದ್ಲು ಮುದ್ದೆ ನಿಲ್ತು. ಆಮೇಲೆ ಅನ್ನ ನಿಲ್ತು. ಪ್ರಸಾದ ಬಿಸಾಕೋಕೆ ಆಯ್ತದಾ? ತಿಮ್ಮಯ್ಯನ ಹಸೀಗೆ ಗೋಡೆ ಮೇಲಿಂದ ಕೊಡ್ತಿದ್ದೆ. ಅವನು ಹಸ ಮಾರ್ಬುಟ್ಟ.’

ಅದಕ್ಕೇ ನಾಯಿಮರಿ ತಂದಿರಾ ಎಂದೆ. ಹೌದು ಎಂದು ತಲೆಯಾಡಿಸಿದರು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ಹೇಳಿದ್ದನ್ನು ಅವರು ಆಡಿದಂತೆಯೇ ಬರೆಯುತ್ತೇನೆ.

‘ತಟ್ಟೇಲಿ ಒಂದಗುಳು ಉಳುದ್ರೂ ನಿಮ್ಮಿಬ್ರಿಗೂ ಜಗಳ ಆಯ್ತಿತ್ತು. ಅವ್ಳು ನೀನು ಇಕ್ಕಲಿಲ್ಲ ಅಂತಿದ್ಲು, ನೀನು ಅವ್ಳು ತಲೆ ಕೆಡಿಸಿದ್ಲು ಅಂತಿದ್ದೆ. ನನ್ನ ಗಂಟ್ಲಿಗೆ ಏನಾಗದೆ ಅಂತ ಯಾರೂ ಕೇಳ್ತಿರ್ನಿಲ್ಲ.’

ಮಧು, ನೀನು ಸೊರಗಿದ್ದಾರೆ ಎಂದು ಬರೆದೆ, ನಾನು ಅರ್ಧ ಮುದ್ದೆ ಹೆಚ್ಚಿಗೆ ಇಟ್ಟೆ, ತುಪ್ಪ ಸುರಿದೆ. ಅದಷ್ಟೂ ಆ ಮರಿಯ ಹೊಟ್ಟೆಗೆ ಹೋಗಿ ರಕ್ತ ಬಂತು. ಅವರ ಹೊಟ್ಟೆಗೆ ಏನೂ ಹೋಗಲಿಲ್ಲ.

ಸೋಮವಾರ ಇಲ್ಲಿಯ ಡಾಕ್ಟರಿಗೆ ತೋರಿಸಿದೆವು. ಅನ್ನನಾಳದಲ್ಲಿ ಏನೋ ಅಡ್ಡ ಬೆಳೆದಿರಬಹುದು, ಮೈಸೂರಿನಲ್ಲಿ ಕೊಳವೆ ಇಳಿಸಿ ನೋಡಬೇಕು ಎಂದರು. ಇದೇ ಇಪ್ಪತ್ತೈದಕ್ಕೆ ದಿನ ಕೊಟ್ಟಿದ್ದಾರೆ. ಮಧುಗೆ ತಿಳಿಸಬೇಡಿ ಎಂದು ಮಾವ ನಿಮ್ಮಣ್ಣನ ಕೈ ಹಿಡಿದು ಹೇಳಿದರು, ಅವರು ಮಾತು ಕೊಟ್ಟರು. ನಾನು ಕೊಡಲಿಲ್ಲ. ನಾಲ್ಕು ದಿನ ಬರೆಯದೆ ಇದ್ದದ್ದಕ್ಕೆ ಬೇರೆ ಕಾರಣವಿಲ್ಲ, ನಿನಗೆ ಏನೆಂದು ಬರೆಯಬೇಕು ಎಂದು ತಿಳಿಯಲಿಲ್ಲ. ಚಿನ್ನಮ್ಮನ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಅವಳು ಇದನ್ನು ಎರಡು ಸಲ ಕಂಡಿದ್ದಳಂತೆ. ದೊಡ್ಡವರ ಮನೆಯ ಮಾತು, ನನಗ್ಯಾಕೆ ಎಂದು ಬಾಯಿ ಬಿಟ್ಟಿರಲಿಲ್ಲ.

ಬಟ್ಟೆ, ಪೂಜೆಯ ಪೆಟ್ಟಿಗೆ ಕಟ್ಟಿಟ್ಟಿಲ್ಲ. ಬಂದ ಮೇಲೆ ನೀನೇ ನಿರ್ಧಾರ ಮಾಡು. ನಾನು ಅಡ್ಡ ಬರುವುದಿಲ್ಲ.

ಮಂಗಳಮ್ಮ

•

ತಿ. ನರಸೀಪುರ
22-8-2025

ಅತ್ತಿಗೆ,

ಕಾಗದವನ್ನು ಬಸ್ ಸ್ಟ್ಯಾಂಡಿನಲ್ಲೇ ಓದಿದೆ. ದೇವರಾಜು ನೀರು ತಂದುಕೊಟ್ಟ.

ನೀವು ಎಲ್ಲ ಬರೆದಿದ್ದೀರಿ, ನಾನು ಬರೆದಿರಲಿಲ್ಲ. ಜುಲೈಯಲ್ಲಿ ಅಪ್ಪಾಜಿ ಇಲ್ಲಿ ಎರಡು ದಿನ ಇದ್ದರಲ್ಲ, ಆಗ ಅವರು ಊಟ ಮಾಡಲೇ ಇಲ್ಲ. ಅಕ್ಕಿ ಗಂಜಿ ಮಾಡಿಸಿಕೊಂಡು, ಅದನ್ನೂ ಸೋಸಿ, ಚಮಚದಲ್ಲಿ ಕುಡಿದರು. ಒಂದು ಲೋಟಕ್ಕೆ ಮುಕ್ಕಾಲು ಗಂಟೆ. ಕುಡಿಯುವಾಗ ಕೆಮ್ಮು ಬಂತು. ನಾನು ನೋಡುತ್ತಿರುವುದನ್ನು ಕಂಡು ‘ಮಂಗಳಂಗೆ ಹೇಳ್ಬೇಡ ಕಣವ್ವ’ ಎಂದರು.

ನಾನು ಏನೆಂದುಕೊಂಡೆ ಗೊತ್ತೇ? ನಿಮ್ಮ ಅಡುಗೆಯ ಖಾರಕ್ಕೆ ಅವರ ಹೊಟ್ಟೆ ಕೆಟ್ಟಿದೆ, ಅಮ್ಮ ಮಾಡುತ್ತಿದ್ದಂಥ ಗಂಜಿ ನನ್ನ ಮನೆಯಲ್ಲಿ ಸಿಕ್ಕಿತು, ಅದಕ್ಕೇ ಅಷ್ಟು ನಿಧಾನವಾಗಿ ಆಸೆಯಿಂದ ಕುಡಿಯುತ್ತಿದ್ದಾರೆ ಎಂದುಕೊಂಡೆ. ನಿಮಗೆ ಹೇಳಬೇಡ ಎಂದಾಗ ನನಗೆ ಒಳಗೊಳಗೇ ಖುಷಿಯಾಯಿತು ಅತ್ತಿಗೆ. ಅಪ್ಪಾಜಿ ನಿಮ್ಮಿಂದ ಬಚ್ಚಿಟ್ಟದ್ದನ್ನು ನನಗೆ ಮಾತ್ರ ತೋರಿಸಿದರು ಎಂಬ ಖುಷಿ. ಅಮೃತೇಶ್ ‘ಡಾಕ್ಟರಿಗೆ ತೋರಿಸೋಣ’ ಎಂದಾಗಲೂ, ಅವರಿಗೆ ಬೇಕಾಗಿರುವುದು ಡಾಕ್ಟರಲ್ಲ, ಒಳ್ಳೆಯ ಊಟ ಎಂದು ನಾನೇ ಬಾಯಿ ಮುಚ್ಚಿಸಿದೆ.

ಚಿಕ್ಕಮ್ಮನ ಮನೆಯ ಮಾತೂ ನನ್ನಿಂದಲೇ ಹೋದದ್ದು. ನಾಯಿಮರಿಯ ಬದಲು ‘ಮಾವ’ ಎಂದು ಬೇಕೆಂದೇ ಅಂದೆ.

ಜುಲೈ ಹತ್ತೊಂಬತ್ತರಿಂದ ಇಂದಿಗೆ ಮೂವತ್ತನಾಲ್ಕು ದಿನ. ಆವತ್ತೇ ನಿಮಗೆ ಒಂದು ಮಾತು ಹೇಳಿದ್ದರೆ ನೀವು ಸುಮ್ಮನಿರುತ್ತಿರಲಿಲ್ಲ. ನೀವು ಆಸ್ಪತ್ರೆಗೆ ಓಡುವವರು, ನಾಯಿಮರಿಯನ್ನೇ ಎತ್ತಿಕೊಂಡು ಓಡಿದವರು. ಆ ಮೂವತ್ತನಾಲ್ಕು ದಿನ ಅದು ಅವರ ಗಂಟಲಲ್ಲಿ ಎಷ್ಟು ಬೆಳೆಯಿತೋ, ಕಾರು ತೆಗೆದುಕೊಂಡು ಬಂದು ನಾನು ಯಾವ ಮುಖ ಇಟ್ಟುಕೊಂಡು ಅವರನ್ನು ಕರೆಯಲಿ?

ಮಧು

•

ನಂಜನಗೂಡು
23-8-2025, ಶನಿವಾರ

ಮಧು,

ಕಾರು ಬೇಡ ಎನ್ನಬೇಡ, ಕಾರು ಬರಲಿ. ಮೈಸೂರಿಗೆ ಅವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವುದು ಕಷ್ಟ.

ನಿನ್ನ ಕಾಗದ ಓದಿ ಎರಡು ಗಂಟೆ ನಿನ್ನ ಮೇಲೆ ಸಿಟ್ಟಿತ್ತು. ಸುಳ್ಳೇಕೆ ಹೇಳಲಿ, ಈಗಲೂ ಸ್ವಲ್ಪ ಇದೆ. ಆಮೇಲೆ ಸೋಸಿದ ಗಂಜಿ ಮಾಡಿ ಅವರಿಗೆ ಕುಡಿಸಲು ಕೂತೆ. ಮುಕ್ಕಾಲು ಗಂಟೆ ಹಿಡಿಯಿತು, ನೀನು ಬರೆದಂತೆಯೇ. ಅಷ್ಟು ಹೊತ್ತು ಅವರ ಮುಖ ನೋಡುತ್ತ ಕೂತದ್ದು ಈ ವರ್ಷದಲ್ಲಿ ಅದೇ ಮೊದಲು.

ಸೋಮವಾರ ಮೈಸೂರಿನ ದೊಡ್ಡ ಡಾಕ್ಟರು ಎಲ್ಲ ಕೇಳುತ್ತಾರಂತೆ. ಯಾವಾಗ ಶುರುವಾಯಿತು, ಮೊದಲು ಏನು ಇಳಿಯಲಿಲ್ಲ, ಕೆಮ್ಮು ಯಾವಾಗ ಬಂತು, ತೂಕ ಎಷ್ಟು ಇಳಿಯಿತು ಎಂದು. ಮಾವ ನಮ್ಮಿಬ್ಬರ ಮುಖ ನೋಡಿ ಅರ್ಧ ಮುಚ್ಚಿಡುತ್ತಾರೆ. ನಿಮ್ಮಣ್ಣನಿಗೆ ಏನೂ ಗೊತ್ತಿಲ್ಲ. ಸ್ವಲ್ಪ ನನಗೆ ಗೊತ್ತು, ಉಳಿದದ್ದು ನಿನಗೆ ಗೊತ್ತು. ಡಾಕ್ಟರ ಮುಂದೆ ಇಬ್ಬರೂ ಕೂತು ಹೇಳಿದರೆ ಮಾತ್ರ ಅವರಿಗೆ ಪೂರ್ತಿ ತಿಳಿಯುತ್ತದೆ.

ಭಾನುವಾರವೇ ಬಾ. ರಾತ್ರಿ ನನ್ನ ಜೊತೆ ಮಲಗು.

ಮಂಗಳ